ಬೆರಳು ಬಿಡಿಸಿದ ಚಿಕಿತ್ಸಾಲಯ, ಮೈಸೂರು

ದಿನವಿಡೀ ಕತ್ತರಿ ಹಿಡಿಯುವ ನನಗೆ ಬೆಳಿಗ್ಗೆ ಎದ್ದರೆ ಬಲಗೈಯ ಉಂಗುರದ ಬೆರಳು ಮಡಿಚಿಕೊಂಡೇ ಇರುತ್ತಿತ್ತು. ಎಡಗೈಯಿಂದ ಎಳೆದರೆ ‘ಟಕ್’ ಎಂದು ನೆಟ್ಟಗಾಗುತ್ತಿತ್ತು. ಸರಸ್ವತಿಪುರಂನ ಈ ಮೂಳೆ ವೈದ್ಯರು ಎಕ್ಸ್‌ರೇ ಬರೆಯಲೇ ಇಲ್ಲ. ಅಂಗೈ ಒತ್ತಿ ನೋಡಿ ಟ್ರಿಗರ್ ಫಿಂಗರ್ ಎಂದರು. ಬೆರಳಿನ ಬುಡದಲ್ಲಿರುವ ಪಟ್ಟಿ ದಪ್ಪವಾಗಿ, ಅದರೊಳಗೆ ಸ್ನಾಯುರಜ್ಜು ಸಿಕ್ಕಿಕೊಳ್ಳುತ್ತದಂತೆ. ಸಕ್ಕರೆ ಕಾಯಿಲೆಯವರಲ್ಲಿ ಇದು ಹೆಚ್ಚು, ನನಗೂ ಸಕ್ಕರೆ ಇದೆ. ಸ್ಟೆರಾಯ್ಡ್ ಚುಚ್ಚುಮದ್ದಿನ ನಂತರ ಕೆಲವು ದಿನ ಸಕ್ಕರೆ ಏರಬಹುದು, ಪರೀಕ್ಷಿಸಿಕೊಳ್ಳಿ ಎಂದು ಮೊದಲೇ ಎಚ್ಚರಿಸಿದ್ದು ಹಿಡಿಸಿತು. ಚುಚ್ಚಿದಾಗ ಜೀವ ಹೋದಂತಾಯಿತು, ಸುಳ್ಳೇಕೆ ಹೇಳಲಿ? ಈಗ ಬೆರಳು ಸರಾಗ. ಮತ್ತೆ ಸಿಕ್ಕಿಕೊಂಡರೆ ಆ ಜಾಗಕ್ಕಷ್ಟೇ ಮರಗಟ್ಟಿಸಿ ಪಟ್ಟಿಯನ್ನು ಕೊಯ್ದು ಬಿಡಿಸುತ್ತಾರಂತೆ, ಅದೇ ದಿನ ಮನೆಗೆ. ಸರದಿಗಾಗಿ ಕಾಯಿಸುವುದು ಮಾತ್ರ ವಿಪರೀತ. ದಸರೆಯ ರವಿಕೆಗಳ ರಾಶಿ ಬಿಟ್ಟು ಬಂದವರಿಗೆ ಶಿಕ್ಷೆಯೇ ಸರಿ.