ಕಾರಿನ ಆಡಿಯೊಗೆ ಪ್ಯಾಸಿವ್ ಕ್ರಾಸ್‌ಓವರ್ ಸಾಕಾ, ಆಕ್ಟಿವ್ ಬೇಕಾ?

ಕ್ರಾಸ್‌ಓವರ್ ಅಂದರೆ ಹಾಡಿನ ತೆಳು ದನಿಯನ್ನು ಟ್ವೀಟರ್‌ಗೆ (ಚಿಕ್ಕ ಸ್ಪೀಕರ್), ದಪ್ಪ ದನಿಯನ್ನು ವೂಫರ್‌ಗೆ (ದೊಡ್ಡ ಸ್ಪೀಕರ್) ಹಂಚುವ ವ್ಯವಸ್ಥೆ. ಒಂದೇ ಕಾರಿನಲ್ಲಿ, ಅದೇ ಸ್ಪೀಕರ್‌ಗಳ ಜೊತೆ ಎರಡು ಬಗೆಯನ್ನೂ ಬಳಸಿದ್ದೇನೆ. ಮೊದಲು ಆರೂವರೆ ಇಂಚಿನ ಕಾಂಪೊನೆಂಟ್ ಸೆಟ್ (ಟ್ವೀಟರ್, ವೂಫರ್ ಬೇರೆ ಬೇರೆ ಇರುವ ಸ್ಪೀಕರ್ ಸೆಟ್) ಜೊತೆಗೇ ಬಂದ ಪ್ಯಾಸಿವ್, ಆಮೇಲೆ ಡಿಎಸ್‌ಪಿ (ಸಿಗ್ನಲ್ಲನ್ನು ಡಿಜಿಟಲ್ ಆಗಿ ತಿದ್ದುವ ಚಿಪ್) ಇರುವ ಆಂಪ್, ಅಂದರೆ ಆಕ್ಟಿವ್. ಕಿವಿಗೆ ಆಕ್ಟಿವ್ ಚೆನ್ನಾಗಿದೆ, ಅದರಲ್ಲಿ ಅನುಮಾನವೇ ಇಲ್ಲ. ಆದರೆ ಕೂತು ಟ್ಯೂನ್ ಮಾಡುವವರು ಸಿಗದಿದ್ದರೆ ಅದಕ್ಕೆ ಹಾಕುವ ದುಡ್ಡು ದಂಡ.

ಪ್ಯಾಸಿವ್ ಡಬ್ಬದ ಒಳಗಿರುವುದು ಕಾಯಿಲ್, ಕೆಪಾಸಿಟರ್, ಒಂದೆರಡು ರೆಸಿಸ್ಟರ್ ಅಷ್ಟೇ. ಆಂಪ್‌ನಿಂದ ಬಂದ ಸಿಗ್ನಲ್ ಅಲ್ಲಿ ಒಡೆದು ಮೇಲಿನದು ಟ್ವೀಟರ್‌ಗೆ, ಕೆಳಗಿನದು ವೂಫರ್‌ಗೆ ಹೋಗುತ್ತದೆ. ಕಂಪನಿಯವರು ಆ ಸ್ಪೀಕರ್‌ಗೇ ಅಂತ ಲೆಕ್ಕ ಹಾಕಿ ಮಾಡಿರುತ್ತಾರೆ, ಹಾಗಾಗಿ ಟ್ವೀಟರ್ ಸುಡುವ ಭಯ ಕಡಿಮೆ. ಇನ್ನೊಂದು ಲಾಭ ನನಗೆ ತುಂಬಾ ಇಷ್ಟ: 4 ಚಾನೆಲ್ ಆಂಪ್ ಇದ್ದರೆ ಎರಡು ಚಾನೆಲ್ ಮುಂದಿನ ಸ್ಪೀಕರ್‌ಗಳಿಗೆ ಕೊಟ್ಟು, ಉಳಿದೆರಡನ್ನು ಬ್ರಿಡ್ಜ್ ಮಾಡಿ (ಒಂದಾಗಿ ಸೇರಿಸಿ) ಸಬ್‌ವೂಫರ್, ಅಂದರೆ ಬರೀ ಬೇಸ್‌ಗೆ ಇರುವ ಸ್ಪೀಕರ್ ಓಡಿಸಬಹುದು. ಆಕ್ಟಿವ್‌ನಲ್ಲಿ ನಾಲ್ಕೂ ಚಾನೆಲ್ ಮುಂದಕ್ಕೇ ಖರ್ಚಾಗುತ್ತವೆ, ಸಬ್‌ಗೆ ಬೇರೆ ಆಂಪ್ ತರಬೇಕು.

ಒಂದು ಸೆಟ್‌ನ ಡಬ್ಬ ತೆಗೆದು ಇನ್ನೊಂದಕ್ಕೆ ಮಾತ್ರ ಹಾಕಬೇಡಿ. 4 ಓಮ್ ಟ್ವೀಟರ್‌ಗೆ 3000 ಹರ್ಟ್ಸ್‌ನಲ್ಲಿ ಕಟ್ ಮಾಡುವ (ಅದಕ್ಕಿಂತ ಕೆಳಗಿನದನ್ನು ತಡೆಯುವ) ಕೆಪಾಸಿಟರ್, 8 ಓಮ್ ಟ್ವೀಟರ್ ಸಿಕ್ಕಿಸಿದರೆ 1500ಕ್ಕೇ ಇಳಿಯುತ್ತದೆ. ಪಾಪ, ಆ ಟ್ವೀಟರ್ ತಡೆಯುವುದಿಲ್ಲ.

ಇನ್ನು ಆಕ್ಟಿವ್. ಇಲ್ಲಿ ಆಂಪ್‌ಗೆ ಹೋಗುವ ಮೊದಲೇ ಸಿಗ್ನಲ್ ಭಾಗವಾಗುತ್ತದೆ, ಒಂದೊಂದು ಸ್ಪೀಕರ್‌ಗೂ ಒಂದೊಂದು ಚಾನೆಲ್. ಕಟ್ ಎಲ್ಲಿ ಬೇಕೋ ಅಲ್ಲಿ, ಆಕ್ಟೇವ್‌ಗೆ (ಹರ್ಟ್ಸ್ ಇಮ್ಮಡಿ ಅಥವಾ ಅರ್ಧ ಆಗುವಷ್ಟು ಅಂತರಕ್ಕೆ) 24 ಡೆಸಿಬೆಲ್‌ನಷ್ಟು ಕಡಿದಾಗಿಯೂ ಇಡಬಹುದು. ಆದರೆ ನನ್ನನ್ನು ಗೆದ್ದಿದ್ದು ಟೈಮ್ ಅಲೈನ್‌ಮೆಂಟ್, ಅಂದರೆ ಎಲ್ಲ ಸ್ಪೀಕರ್‌ಗಳ ದನಿ ಒಟ್ಟಿಗೇ ಕಿವಿ ತಲುಪುವಂತೆ ಹತ್ತಿರದವಕ್ಕೆ ಡಿಲೇ ಕೊಡುವುದು. ನಮ್ಮ ಕಾರುಗಳಲ್ಲಿ ಡ್ರೈವರ್ ಬಲಗಡೆ ಕೂರುತ್ತಾರೆ ಅಲ್ವಾ, ಬಲ ಟ್ವೀಟರ್ ಕಿವಿ ಪಕ್ಕದಲ್ಲೇ, ಎಡದ್ದು ಆ ಕಡೆ ಮುಂದಿನ ಗಾಜಿನ ಪಕ್ಕದ ಕಂಬದಲ್ಲಿ, ವೂಫರ್‌ಗಳು ಕಾಲ ಹತ್ತಿರ ಬಾಗಿಲಲ್ಲಿ. ಶಬ್ದ ಒಂದು ಮಿಲಿಸೆಕೆಂಡಿಗೆ ಹೋಗುವುದು ಸುಮಾರು 34 ಸೆಂಟಿಮೀಟರ್, ಹಾಗಾಗಿ ಅರ್ಧ ಮೀಟರ್ ವ್ಯತ್ಯಾಸವಿದ್ದರೂ ದನಿ ಬಲಕ್ಕೆ ಎಳೆದಂತೆ ಕೇಳುತ್ತದೆ. ಪ್ಯಾಸಿವ್ ಇದ್ದರೂ ಹೆಡ್ ಯೂನಿಟ್‌ನಲ್ಲಿ (ಡ್ಯಾಶ್‌ಬೋರ್ಡಿನ ಸ್ಟೀರಿಯೊ) ಎಡ-ಬಲ ಡಿಲೇ ಕೊಡಬಹುದು ನಿಜ, ಆದರೆ ಒಂದೇ ಬದಿಯ ಟ್ವೀಟರ್‌ಗೂ ವೂಫರ್‌ಗೂ ಬೇರೆ ಬೇರೆ ಕೊಡಲಾಗದು. ಡಿಎಸ್‌ಪಿಯಲ್ಲಿ ನಾಲ್ಕಕ್ಕೂ ಟೇಪ್ ಹಿಡಿದು ಅಳೆದು ಕೊಟ್ಟ ಮೇಲೆ ಹಾಡುವವರ ದನಿ ಡ್ಯಾಶ್‌ಬೋರ್ಡ್ ನಡುವೆ ಬಂದು ನಿಂತಿತು, ಮೃದಂಗದ ಎಡಗೈ ಪೆಟ್ಟೂ ಬಾಗಿಲಿನಿಂದ ಮೇಲೆದ್ದು ಅಲ್ಲೇ ಸೇರಿಕೊಂಡಿತು. ಅದೇ ಸ್ಪೀಕರ್, ಅದೇ ಬಾಗಿಲು! ಇದನ್ನು ಒಮ್ಮೆ ಕೇಳಿದ ಮೇಲೆ ವಾಪಸ್ ಹೋಗುವುದು ಕಷ್ಟ.

ಇದೆಲ್ಲ ಅಂಗಡಿಯಲ್ಲಿ ಆಗಿದ್ದಲ್ಲ. ಅವರು ಫಿಟ್ ಮಾಡಿ, ಬೇಸ್ ಜಾಸ್ತಿ ಮಾಡಿ ತೋರಿಸಿ ಕಳಿಸಿದರು. ಡಿಲೇ ಎಲ್ಲ ಸೊನ್ನೆಯಲ್ಲೇ ಇತ್ತು. ಹಾಗಿದ್ದಾಗ ಅದು ಪ್ಯಾಸಿವ್‌ಗಿಂತ ಕೆಟ್ಟದಾಗಿ ಕೇಳಿಸುತ್ತಿತ್ತು. ಆದ್ದರಿಂದ ದುಡ್ಡು ಕೊಡುವ ಮೊದಲೇ ಕೇಳಿ: ನನ್ನ ಸೀಟಲ್ಲಿ ಮೈಕ್ ಇಟ್ಟು ಟ್ಯೂನ್ ಮಾಡಿಕೊಡ್ತೀರಾ, ಎಷ್ಟು ಹೊತ್ತು ಕೂರ್ತೀರಾ? ಸುಮ್ನೆ ತಲೆಯಾಡಿಸಿದರೆ ಬೇರೆ ಅಂಗಡಿ ನೋಡಿ.

ಆಕ್ಟಿವ್ ಮಾಡುವುದಾದರೆ ಪ್ರತಿ ಟ್ವೀಟರ್ ವೈರಿಗೂ 47 ಮೈಕ್ರೋಫ್ಯಾರಡ್‌ನ ನಾನ್-ಪೋಲಾರ್ ಕೆಪಾಸಿಟರ್ ಒಂದನ್ನು ಸೀರೀಸ್‌ನಲ್ಲಿ ಹಾಕಿಸಿ. 4 ಓಮ್‌ಗೆ ಅದು ಸುಮಾರು 850 ಹರ್ಟ್ಸ್‌ನಲ್ಲಿ ಕೆಲಸ ಶುರು ಮಾಡುತ್ತದೆ, 3000ದ ಕಟ್‌ಗೆ ಅಷ್ಟಾಗಿ ಅಡ್ಡ ಬರುವುದಿಲ್ಲ. ಸೆಟಿಂಗ್ ಅಳಿಸಿಹೋಗಿ ಪೂರ್ತಿ ಬೇಸ್ ಟ್ವೀಟರ್‌ಗೆ ನುಗ್ಗಿದರೆ ಕಾಪಾಡುವುದು ಅದೊಂದೇ.

ಸಬ್‌ವೂಫರ್‌ಗೆ ಮಾತ್ರ ಈ ಚರ್ಚೆಯೇ ಬೇಡ. 4 ಓಮ್ ಸಬ್ಬನ್ನು 80 ಹರ್ಟ್ಸ್‌ನಲ್ಲಿ ಪ್ಯಾಸಿವ್ ಆಗಿ ಕಟ್ ಮಾಡಲು 8 ಮಿಲಿಹೆನ್ರಿಯ ಕಾಯಿಲ್ ಬೇಕು, ಅಂದರೆ ದಪ್ಪ ತಾಮ್ರದ ದೊಡ್ಡ ಉಂಡೆ. ಆಂಪ್ ಮೇಲಿನ ಎಲ್‌ಪಿಎಫ್ (ಕೆಳಗಿನ ದನಿಯನ್ನಷ್ಟೇ ಬಿಡುವ ಫಿಲ್ಟರ್) ತಿರುಪನ್ನು 80ರಲ್ಲಿಟ್ಟು, ಅಲ್ಲಿಂದ ಕಿವಿಗೆ ಹೊಂದುವ ಹಾಗೆ ಆಚೀಚೆ ಮಾಡಿಕೊಳ್ಳಿ.