ಕಡಿಮೆ ಬಜೆಟ್‌ನಲ್ಲಿ ಹಾಡಿಗೂ ಗೇಮಿಗೂ ಒಂದೇ ಜೋಡಿ: ತಂತಿ ಇರುವುದನ್ನೇ ಕೊಳ್ಳಿ

ಬಜೆಟ್ ಬಿಗಿಯಾಗಿದೆ, ಹಾಡು ಕೇಳುವುದಕ್ಕೂ ಗೇಮ್ ಆಡುವುದಕ್ಕೂ ಒಂದೇ ಜೋಡಿ ಸಾಕು ಎನ್ನುವವರು ಕಿವಿಯೊಳಗೆ ಕೂರುವ ತಂತಿಯ ಇಯರ್‌ಫೋನ್ ತೆಗೆದುಕೊಳ್ಳಿ. ಈ ಬೆಲೆಯಲ್ಲಿ ಅದನ್ನು ಮೀರಿಸುವ ದನಿ ಬೇರೆ ಯಾವುದರಲ್ಲೂ ಸಿಗುವುದಿಲ್ಲ. ಕಾರಣ ಸರಳ. ತಂತಿಯ ಇಯರ್‌ಫೋನ್‌ನಲ್ಲಿ ಕೊಟ್ಟ ದುಡ್ಡು ಡ್ರೈವರ್ (ದನಿ ಹೊರಡಿಸುವ ಪುಟ್ಟ ಸ್ಪೀಕರ್), ಶೆಲ್ (ಹೊರಕವಚ), ಟ್ಯೂನಿಂಗ್ (ಯಾವ ಸ್ವರ ಎಷ್ಟು ಕೇಳಬೇಕೆಂಬ ಹದ) ಇಷ್ಟಕ್ಕೇ ಹೋಗುತ್ತದೆ. ಅದೇ ಬೆಲೆಯ ವೈರ್‌ಲೆಸ್ ಬಡ್ಸ್‌ನಲ್ಲಿ ಎರಡು ಬ್ಯಾಟರಿ, ಎರಡು ಬ್ಲೂಟೂತ್ ಚಿಪ್, ಹಲವು ಮೈಕ್, ಚಾರ್ಜಿಂಗ್ ಕೇಸ್ ಎಲ್ಲದಕ್ಕೂ ಹಂಚಿ, ಉಳಿದದ್ದು ಮಾತ್ರ ದನಿಗೆ. 'ಗೇಮಿಂಗ್' ಎಂದು ಬರೆದ ಅಗ್ಗದ ಹೆಡ್‌ಸೆಟ್‌ನಲ್ಲಿ ಬಣ್ಣದ ದೀಪಕ್ಕೂ ದಪ್ಪ ಪ್ಲಾಸ್ಟಿಕ್ಕಿಗೂ ಪಾಲು ಹೋಗುತ್ತದೆ.

ಹೆಸರು ಹಿಡಿದು ಹೇಳುವುದಾದರೆ, ಆರಂಭಕ್ಕೆ ಮೂನ್‌ಡ್ರಾಪ್ ಚು 2 ಮತ್ತು 7ಹರ್ಟ್ಸ್ ಜೀರೋ ಎರಡೂ ಒಳ್ಳೆಯ ಆಯ್ಕೆ. 2022ರಲ್ಲಿ ಬಂದ ಮೊದಲ ಚು ದನಿಯಲ್ಲಿ ಚೆನ್ನಾಗಿತ್ತು, ಆದರೆ ಕೇಬಲ್ ಬಿಚ್ಚಲು ಬರುತ್ತಿರಲಿಲ್ಲ. ತಂತಿ ಒಳಗೆ ತುಂಡಾದರೆ ಇಡೀ ಜೋಡಿಯೇ ಕಸ. ಚು 2ರಲ್ಲಿ ಆ ಕೊರತೆ ನೀಗಿದೆ. ಜೀರೋದಲ್ಲಿ 10 ಮಿ.ಮೀ. ಡೈನಾಮಿಕ್ ಡ್ರೈವರ್ ಇದೆ. ಹಾಡುಗಾರರ ದನಿ, ವೀಣೆ, ಪಿಟೀಲು ತಿಳಿಯಾಗಿ ಕೇಳುತ್ತವೆ, ಬಾಸ್ ಮಾತ್ರ ಹದವಾಗಿಯೇ ಇರುತ್ತದೆ. ಡ್ರಮ್, ಎಲೆಕ್ಟ್ರಾನಿಕ್ ಸಂಗೀತ ಹೆಚ್ಚು ಕೇಳುವವರಿಗೆ ಜೀರೋ 2 ಹೆಚ್ಚು ಒಗ್ಗುತ್ತದೆ, ಅದರಲ್ಲಿ ಕೆಳಗಿನ ಸ್ವರಗಳಿಗೆ ಇನ್ನಷ್ಟು ತೂಕವಿದೆ. ಯಾವುದನ್ನೇ ಕೊಂಡರೂ ಕೇಬಲ್ ಬಿಚ್ಚಲು ಬರುವಂಥದ್ದನ್ನೇ ಕೊಳ್ಳಿ. 0.78 ಮಿ.ಮೀ.ನ ಎರಡು ಪಿನ್ ಇರುವ ಕೇಬಲ್ ಎಲ್ಲ ಕಡೆ ಸಿಗುತ್ತದೆ. ಹಾಕುವಾಗ ಪಿನ್ ನೇರವಾಗಿ ಒತ್ತಬೇಕು; ಓರೆಯಾಗಿ ತಳ್ಳಿದರೆ ಬಾಗುತ್ತದೆ, ನೆಟ್ಟಗೆ ಮಾಡಲು ಹೋದರೆ ಮುರಿಯುತ್ತದೆ.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಮಾತು. ಕಿವಿಯೊಳಗಿನ ಇಯರ್‌ಫೋನ್ ಚೆನ್ನಾಗಿಲ್ಲ, ಬಾಸೇ ಇಲ್ಲ, ದನಿ ಕೀರಲು ಎಂದು ಬರುವ ದೂರುಗಳಲ್ಲಿ ಬಹುಪಾಲು ಡ್ರೈವರ್‌ನ ತಪ್ಪಲ್ಲ, ಟಿಪ್‌ನದು. ರಬ್ಬರ್ ತುದಿ ಕಿವಿಯ ನಾಳವನ್ನು ಗಾಳಿಯಾಡದಂತೆ ಮುಚ್ಚದಿದ್ದರೆ ಬಾಸ್ ಸೋರಿಹೋಗುತ್ತದೆ. ಕೂದಲೆಳೆಯಷ್ಟು ಸಂದಿ ಇದ್ದರೂ ಸಾಕು, 100 ಹರ್ಟ್ಸ್‌ಗಿಂತ ಕೆಳಗಿನದೆಲ್ಲ ಮಾಯ. ಪೆಟ್ಟಿಗೆಯಲ್ಲಿ ಮೂರು ಅಳತೆಯ ಟಿಪ್ ಕೊಟ್ಟಿರುತ್ತಾರೆ, ಹೆಚ್ಚಿನವರು ಮಧ್ಯದ್ದನ್ನು ಬದಲಿಸುವುದೇ ಇಲ್ಲ. ಮೂರನ್ನೂ ಹಾಕಿ ನೋಡಿ. ಎಡಕ್ಕೆ ಒಂದು ಅಳತೆ, ಬಲಕ್ಕೆ ಇನ್ನೊಂದು ಬೇಕಾಗುವುದು ತೀರಾ ಸಾಮಾನ್ಯ.

ಹಾಕಿಕೊಳ್ಳುವ ಕ್ರಮ ಹೀಗಿದೆ: ಬಲಗಿವಿಗೆ ಹಾಕುವಾಗ ಎಡಗೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆಯಿರಿ. ಆಗ ನಾಳ ನೇರವಾಗುತ್ತದೆ. ಟಿಪ್ ಒಳಗೆ ಕೂರಿಸಿ, ಸ್ವಲ್ಪ ತಿರುಗಿಸಿ, ಕಿವಿ ಬಿಡಿ. ಕೇಬಲ್ ಕಿವಿಯ ಮೇಲಿನಿಂದ ಸುತ್ತಿ ಬರಬೇಕು. ಆಗ ತಂತಿ ಅಂಗಿಗೆ ಉಜ್ಜುವ ಸದ್ದೂ ಕಡಿಮೆ. ಆಮೇಲೆ 40 ಹರ್ಟ್ಸ್‌ನ ಸ್ವರ ಹಾಕಿ. ಗುಂಯ್ ಎಂದು ತುಂಬಿಕೊಂಡು ಕೇಳಿದರೆ ಸರಿ. ಬೆರಳಿನಿಂದ ಮೆಲ್ಲಗೆ ಒತ್ತಿದಾಗ ಮಾತ್ರ ಬಾಸ್ ಏರಿದರೆ ಮುಚ್ಚಿಗೆ ಸಾಲದು, ಟಿಪ್ ಬದಲಿಸಿ. ಬಾಯಿ ತೆರೆದು ಮುಚ್ಚಿದಾಗ ದನಿ ಬದಲಾದರೂ ಅದೇ ಸೂಚನೆ. ಯಾವ ಸಿಲಿಕಾನ್ ಟಿಪ್ಪೂ ಹೊಂದದವರು ಫೋಮ್ ಟಿಪ್ ತರಿಸಿಕೊಳ್ಳಲಿ. ಅದು ಟ್ರೆಬಲ್ಲನ್ನು (ಮೇಲಿನ ಸ್ವರಗಳನ್ನು) ತುಸು ತಗ್ಗಿಸುತ್ತದೆ, ಕೆಲವು ತಿಂಗಳಲ್ಲಿ ಗಟ್ಟಿಯಾಗುತ್ತದೆ, ಆದರೆ ಮುಚ್ಚಿಗೆ ಭದ್ರ. ಈ ಪರೀಕ್ಷೆ ಮುಗಿಯುವ ಮೊದಲು ಯಾವ ಇಯರ್‌ಫೋನ್ ಬಗ್ಗೆಯೂ ತೀರ್ಪು ಕೊಡಬೇಡಿ. ಒತ್ತುವಾಗ ಪರಪರ ಎಂಬ ಸದ್ದು ಬಂದರೆ ಗಾಬರಿ ಬೇಡ. ಒಳಗಿನ ಗಾಳಿಯ ಒತ್ತಡಕ್ಕೆ ಡ್ರೈವರ್‌ನ ತೆಳುಪೊರೆ ಬಾಗುವ ಸದ್ದು ಅದು. ನಿಧಾನವಾಗಿ ಹಾಕಿದರೆ ನಿಲ್ಲುತ್ತದೆ. ಶೆಲ್ ಮೇಲಿನ ಸೂಜಿಗಾತ್ರದ ತೂತು ಗಾಳಿಯಾಡಲೆಂದೇ ಇರುವುದು; ಅದರ ಮೇಲೆ ಸ್ಟಿಕ್ಕರ್ ಅಂಟಿಸಬೇಡಿ.

ಗೇಮಿನ ಲೆಕ್ಕ ಹಾಡಿಗಿಂತ ಸ್ವಲ್ಪ ಬೇರೆ. ಶೂಟಿಂಗ್ ಗೇಮ್‌ಗಳಲ್ಲಿ ಬೇಕಾದದ್ದು ಹೆಜ್ಜೆ ಸಪ್ಪಳ, ಬಂದೂಕು ಲೋಡ್ ಮಾಡುವ ಕಟಕಟ ಸದ್ದು, ಅವು ಯಾವ ಕಡೆಯಿಂದ ಬಂದವು ಎನ್ನುವುದು. ಉಬ್ಬಿಸಿದ ಬಾಸ್ ಇವನ್ನೆಲ್ಲ ನುಂಗಿಹಾಕುತ್ತದೆ. 'ಎಕ್ಸ್‌ಟ್ರಾ ಬಾಸ್' ಎಂದು ಮಾರುವ ಹೆಡ್‌ಸೆಟ್ ಬಾಂಬ್ ಸಿಡಿದಾಗ ರೋಮಾಂಚನ ಕೊಡುತ್ತದೆ, ಹಿಂದಿನಿಂದ ಬಂದ ಎದುರಾಳಿ ಮಾತ್ರ ಕೇಳುವುದೇ ಇಲ್ಲ. ಹಾಗಾಗಿ ಹಾಡಿಗೆ ಸಮತೋಲವಾಗಿ ಟ್ಯೂನ್ ಮಾಡಿದ ಇಯರ್‌ಫೋನೇ ಗೇಮಿಗೂ ಒಳ್ಳೆಯದು. ಇಲ್ಲಿ ಎರಡು ಅಗತ್ಯ ಒಂದನ್ನೊಂದು ಎಳೆದಾಡುವುದಿಲ್ಲ ಎನ್ನುವುದು ಕಡಿಮೆ ಬಜೆಟ್‌ನವರ ಪುಣ್ಯ.

7.1 ಸರೌಂಡ್ (ಸುತ್ತಲೂ ಎಂಟು ಸ್ಪೀಕರ್ ಇದ್ದಂಥ ದನಿ) ಎಂದು ಬರೆದದ್ದಕ್ಕೆ ಹೆಚ್ಚು ದುಡ್ಡು ಕೊಡಬೇಡಿ. ಹೆಡ್‌ಸೆಟ್ ಒಳಗಿರುವುದು ಸಾಮಾನ್ಯವಾಗಿ ಕಿವಿಗೊಂದರಂತೆ ಎರಡೇ ಡ್ರೈವರ್. ಸರೌಂಡ್ ಮಾಡುವುದು ಸಾಫ್ಟ್‌ವೇರ್. ಆ ಸಾಫ್ಟ್‌ವೇರ್ ಕೆಲಸವನ್ನು ವಿಂಡೋಸ್ ಸಾನಿಕ್ ಪುಕ್ಕಟೆಯಾಗಿ ಮಾಡುತ್ತದೆ, ವ್ಯಾಲೊರಂಟ್‌ನಂಥ ಗೇಮ್‌ಗಳಲ್ಲಿ ಎಚ್‌ಆರ್‌ಟಿಎಫ್ ಎಂಬ ಸೆಟ್ಟಿಂಗ್ ಅದೇ ಕೆಲಸಕ್ಕೆ ಒಳಗೇ ಇದೆ. ನೆನಪಿಡಬೇಕಾದದ್ದು ಒಂದೇ: ಇವುಗಳಲ್ಲಿ ಯಾವುದಾದರೂ ಒಂದು ಮಾತ್ರ ಆನ್ ಇರಲಿ. ಗೇಮಿನೊಳಗಿನದೂ ವಿಂಡೋಸಿನದೂ ಹೆಡ್‌ಸೆಟ್ಟಿನದೂ ಒಟ್ಟಿಗೆ ಓಡಿದರೆ ದನಿ ಬಾವಿಯೊಳಗಿಂದ ಬಂದಂತಾಗಿ ದಿಕ್ಕು ಪೂರ್ತಿ ಕಲಸಿಹೋಗುತ್ತದೆ. ಹಾಡು ಕೇಳುವಾಗ ಮೂರನ್ನೂ ಆಫ್ ಮಾಡಿ.

ಇನ್ನು ಬ್ಲೂಟೂತ್ ಬಡ್ಸ್. ಹಾಡಿಗೆ, ಓಡಾಟಕ್ಕೆ, ಫೋನ್ ಕರೆಗೆ ಅನುಕೂಲ ಎನ್ನುವುದರಲ್ಲಿ ಅನುಮಾನವಿಲ್ಲ. ಗೇಮಿಗೆ ಎರಡು ತೊಡಕು. ಮೊದಲನೆಯದು ಲೇಟೆನ್ಸಿ, ಅಂದರೆ ದನಿ ಕಿವಿಗೆ ತಲುಪುವಲ್ಲಿನ ತಡ. ಸಾಮಾನ್ಯ ಎಸ್‌ಬಿಸಿ, ಎಎಸಿ ಕೋಡೆಕ್‌ಗಳಲ್ಲಿ (ದನಿಯನ್ನು ಕುಗ್ಗಿಸಿ ಕಳಿಸುವ ವಿಧಾನಗಳಲ್ಲಿ) ದನಿ ಸುಮಾರು 150ರಿಂದ 250 ಮಿಲಿಸೆಕೆಂಡ್ ತಡವಾಗಿ ಬರುತ್ತದೆ. 60 ಎಫ್‌ಪಿಎಸ್‌ನಲ್ಲಿ (ಸೆಕೆಂಡಿಗೆ 60 ಚಿತ್ರ) ಒಂದು ಫ್ರೇಮ್ ಅಂದರೆ 16.7 ಮಿಲಿಸೆಕೆಂಡ್, 200 ಮಿಲಿಸೆಕೆಂಡ್ ಎಂದರೆ ಪರದೆಯ ಮೇಲೆ 12 ಫ್ರೇಮ್ ದಾಟಿದ ಮೇಲೆ ಗುಂಡಿನ ಸದ್ದು. ವಿಡಿಯೋ ಆ್ಯಪ್‌ಗಳು ಚಿತ್ರವನ್ನೇ ತಡಮಾಡಿ ಹೊಂದಿಸಿಕೊಳ್ಳುತ್ತವೆ, ಅದಕ್ಕೇ ಸಿನಿಮಾ ನೋಡುವಾಗ ಇದು ಗೊತ್ತಾಗುವುದಿಲ್ಲ. ಗೇಮ್ ಹಾಗೆ ಕಾಯಲಾರದು. ಬಡ್ಸ್‌ನಲ್ಲಿರುವ 'ಗೇಮ್ ಮೋಡ್' ಈ ತಡವನ್ನು ಕಡಿಮೆ ಮಾಡುವುದು ನಿಜ, ಆದರೆ ಬಫರ್ (ಮುಂಚೆಯೇ ಕೂಡಿಟ್ಟುಕೊಂಡ ದನಿ) ಚಿಕ್ಕದಾಗುವುದರಿಂದ ಫೋನ್ ಜೇಬಿಗೆ ಹೋದರೆ ದನಿ ಕಡಿಯತೊಡಗುತ್ತದೆ. ಪಝಲ್, ಚದುರಂಗ, ತಂತ್ರದ ಆಟಗಳಿಗೆ ಇದೇನೂ ತೊಂದರೆಯಲ್ಲ. ರಿದಮ್ ಗೇಮ್ ಮತ್ತು ಶೂಟಿಂಗ್‌ಗೆ ಖಂಡಿತ ಆಗದು.

ಎರಡನೆಯ ತೊಡಕು ಇನ್ನೂ ದೊಡ್ಡದು, ಕೊಳ್ಳುವ ಮೊದಲು ಯಾರೂ ಹೇಳುವುದಿಲ್ಲ. ಹಳೆಯ ಬ್ಲೂಟೂತ್ ಆಡಿಯೋದಲ್ಲಿ ಒಳ್ಳೆಯ ಸ್ಟೀರಿಯೊ ಒಂದೇ ದಿಕ್ಕಿಗೆ ಹರಿಯುತ್ತದೆ. ಬಡ್ಸ್‌ನ ಮೈಕ್ ಆನ್ ಆದ ಕ್ಷಣವೇ ಸಾಧನ ಫೋನ್ ಕರೆಯ ಮೋಡ್‌ಗೆ ಇಳಿಯುತ್ತದೆ: ಮೋನೊ (ಎರಡೂ ಕಿವಿಗೆ ಒಂದೇ ದನಿ), 8 ಅಥವಾ 16 ಕಿಲೋಹರ್ಟ್ಸ್ ಸ್ಯಾಂಪಲಿಂಗ್, ಅಂದರೆ ಮೇಲಿನ ಸ್ವರಗಳೇ ಇಲ್ಲದ ದನಿ. ಹಾಡು ಚೆನ್ನಾಗಿ ಬರುತ್ತಿತ್ತು, ಗೇಮಿನಲ್ಲಿ ವಾಯ್ಸ್ ಚಾಟ್ ಹಾಕಿದ ಕೂಡಲೇ ಹಳೇ ರೇಡಿಯೋ ತರಹ ಆಯಿತು ಎಂದರೆ ಕಾರಣ ಇದೇ, ಬಡ್ಸ್ ಕೆಟ್ಟಿಲ್ಲ. ಪರಿಹಾರ: ಗೇಮ್ ಮತ್ತು ಚಾಟ್ ಆ್ಯಪ್ ಎರಡರ ಸೆಟ್ಟಿಂಗ್‌ನಲ್ಲೂ ಇನ್‌ಪುಟ್ ಆಗಿ ಲ್ಯಾಪ್‌ಟಾಪಿನ ಮೈಕ್ ಅಥವಾ ಬೇರೆ ಯುಎಸ್‌ಬಿ ಮೈಕ್ ಆರಿಸಿ. ಎಲ್‌ಇ ಆಡಿಯೋ ಎಂಬ ಹೊಸ ಬಗೆಯ ಬ್ಲೂಟೂತ್ ಆಡಿಯೋ ಈ ಸಮಸ್ಯೆ ಬಗೆಹರಿಸಬಲ್ಲದು, ಆದರೆ ಬಡ್ಸ್ ಮತ್ತು ಫೋನ್ ಅಥವಾ ಕಂಪ್ಯೂಟರ್ ಎರಡೂ ಅದನ್ನು ಬೆಂಬಲಿಸಬೇಕು. ತಂತಿ ಬೇಡವೇ ಬೇಡ, ಗೇಮೂ ಆಡಬೇಕು ಎನ್ನುವವರು 2.4 ಗಿಗಾಹರ್ಟ್ಸ್ ಯುಎಸ್‌ಬಿ ಡಾಂಗಲ್ (ಪೋರ್ಟಿಗೆ ಚುಚ್ಚುವ ಪುಟ್ಟ ಸಾಧನ) ಜೊತೆ ಬರುವ ಹೆಡ್‌ಸೆಟ್ ಹುಡುಕಿ. ಅದರ ತಡ ಆಟದಲ್ಲಿ ಅರಿವಿಗೇ ಬರುವುದಿಲ್ಲ.

ಬಡ್ಸ್ ಪೆಟ್ಟಿಗೆಯ ಮೇಲಿನ ಇಎನ್‌ಸಿ ಎಂಬುದನ್ನು ಎಎನ್‌ಸಿ ಎಂದು ಓದಿ ಮೋಸಹೋಗಬೇಡಿ. ಇಎನ್‌ಸಿ ನಿಮ್ಮ ಮೈಕ್‌ಗೆ ಬೀಳುವ ಗದ್ದಲ ತಗ್ಗಿಸುತ್ತದೆ, ಲಾಭ ಆ ಕಡೆ ಕೇಳುವವರಿಗೆ. ನಿಮ್ಮ ಕಿವಿಗೆ ಬೀಳುವ ಗದ್ದಲ ಕಡಿಮೆ ಮಾಡುವುದು ಎಎನ್‌ಸಿ. ಅದೂ ಎಂಜಿನ್, ಫ್ಯಾನ್, ಎಸಿಯಂಥ ಒಂದೇ ಸಮನೆಯ ಕೆಳದನಿಗಳನ್ನಷ್ಟೇ ಚೆನ್ನಾಗಿ ತಗ್ಗಿಸುತ್ತದೆ. ಪಕ್ಕದವರ ಮಾತನ್ನು ತಡೆಯುವುದು ಟಿಪ್‌ನ ಮುಚ್ಚಿಗೆಯೇ. ಕೋಡೆಕ್ ವಿಷಯದಲ್ಲೂ ತಲೆಕೆಡಿಸಿಕೊಳ್ಳುವ ಅಗತ್ಯ ಕಡಿಮೆ: ಎಲ್‌ಡಿಎಸಿ ಎಂಬ ಕೋಡೆಕ್ 990 ಕೆಬಿಪಿಎಸ್ (ಸೆಕೆಂಡಿಗೆ ಕಿಲೋಬಿಟ್) ವರೆಗೆ ಕಳಿಸಬಲ್ಲದು, ಎಸ್‌ಬಿಸಿ ಸಾಮಾನ್ಯವಾಗಿ 328ರ ಆಸುಪಾಸು, ಆದರೂ ಟ್ಯೂನಿಂಗ್ ಕೆಟ್ಟದಾಗಿದ್ದರೆ ದೊಡ್ಡ ಸಂಖ್ಯೆ ಅದನ್ನು ಸರಿಮಾಡಲಾರದು. ಬ್ಯಾಟರಿ ಬಗ್ಗೆ ಮಾತ್ರ ಯೋಚಿಸಲೇಬೇಕು. ಬಡ್‌ನೊಳಗಿನ ಪುಟ್ಟ ಬ್ಯಾಟರಿ ಎರಡು ಮೂರು ವರ್ಷದಲ್ಲಿ ಬಳಲುತ್ತದೆ, ಸಾಮಾನ್ಯವಾಗಿ ಬದಲಿಸುವಂತೆ ಮಾಡಿರುವುದಿಲ್ಲ. ತಂತಿಯ ಜೋಡಿಗೆ ಆ ಗಡುವಿಲ್ಲ.

ಕಿವಿಯೊಳಗೆ ಏನನ್ನೂ ತುರುಕಿಕೊಳ್ಳಲಾಗದು, ತುರಿಕೆ ಬರುತ್ತದೆ ಎನ್ನುವವರಿಗೆ ಕಾಸ್ ಪೋರ್ಟಾ ಪ್ರೊ ಎಂಬ ಹೆಡ್‌ಫೋನ್ ಇದೆ. 1984ರಲ್ಲಿ ಬಂದ ವಿನ್ಯಾಸ. ಹಗುರ, ತೆರೆದ ಬಗೆಯದು, ದನಿ ಬೆಚ್ಚಗೆ, ತಾಸುಗಟ್ಟಲೆ ಹಾಕಿದರೂ ಕಿವಿ ಬೆವರುವುದಿಲ್ಲ. ಆದರೆ ಹೊರಗಿನ ಸದ್ದೆಲ್ಲ ಒಳಗೆ ಬರುತ್ತದೆ, ನೀವು ಕೇಳುವುದು ಪಕ್ಕದವರಿಗೂ ಕೇಳುತ್ತದೆ. ಹಾಗಾಗಿ ಒಬ್ಬರೇ ಇರುವ ಕೋಣೆಗೆ ಸರಿ, ಬಸ್ಸಿಗೆ ಅಲ್ಲ. ವಿದ್ಯುತ್ ತಡೆ 60 ಓಮ್ ಆದರೂ ಅದನ್ನು ನಡೆಸುವುದು ಫೋನಿಗೆ ಭಾರವಲ್ಲ. ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಸೆಟ್ ಕೊಳ್ಳುವವರು ಎರಡು ವಿಷಯ ನೋಡಿ. ಕನ್ನಡಕ ಹಾಕುವವರಿಗೆ ಕಡ್ಡಿಯ ಪಕ್ಕದ ಸಂದಿಯಲ್ಲಿ ಬಾಸ್ ಸೋರುತ್ತದೆ, ಅದಕ್ಕೆ ಪ್ಯಾಡ್ ಮೆತ್ತಗಿರಬೇಕು. ಕೃತಕ ಚರ್ಮದ ಪ್ಯಾಡ್ ಬೆವರಿಗೆ ಸುಲಿದು ಕಪ್ಪು ಪುಡಿ ಉದುರಿಸುವುದು ಖಚಿತ, ಹೊಸ ಪ್ಯಾಡ್ ಬಿಡಿಯಾಗಿ ಸಿಗುವ ಮಾದರಿಯನ್ನೇ ಆರಿಸಿ.

ಮೈಕ್ ವಿಚಾರದಲ್ಲಿ ಹೆಡ್‌ಸೆಟ್‌ನಿಂದ ಬಾಯಿಯ ಬಳಿಗೆ ಚಾಚುವ ಬೂಮ್ ಮೈಕ್ ಮುಂದೆ ಇಯರ್‌ಫೋನ್ ತಂತಿಯ ಮೈಕ್ ಸೋಲುತ್ತದೆ. ಅದು ಕೊರಳಪಟ್ಟಿಗೆ ಉಜ್ಜಿ ಸರಸರ ಸದ್ದು ಮಾಡುತ್ತದೆ. ಜೊತೆಗೆ, ಕಿವಿ ಮುಚ್ಚಿದಾಗ ನಿಮ್ಮ ಮಾತು ನಿಮಗೇ ತಲೆಯೊಳಗೆ ಗುಂಯ್‌ಗುಟ್ಟುತ್ತದೆ. ದಿನವೂ ತಂಡದೊಂದಿಗೆ ಮಾತಾಡುತ್ತಾ ಆಡುವವರು ಒಂದು ಅಗ್ಗದ ಕಾಲರ್ ಮೈಕ್ ಅಥವಾ ಯುಎಸ್‌ಬಿ ಮೈಕ್ ಬೇರೆಯಾಗಿ ತೆಗೆದುಕೊಳ್ಳುವುದು ಜಾಣತನ.

ಜೋಡಿಸುವಾಗ ಪ್ಲಗ್ ನೋಡಿ. ಅದರ ಮೇಲೆ ಮೂರು ಗೆರೆ ಇದ್ದರೆ ಮೈಕ್ ಕೂಡ ಉಂಟು, ಎರಡೇ ಇದ್ದರೆ ಬರೀ ಸ್ಟೀರಿಯೊ. ಡೆಸ್ಕ್‌ಟಾಪ್‌ನಲ್ಲಿ ಹಸಿರು, ಗುಲಾಬಿ ಎಂದು ಎರಡು ತೂತಿದ್ದರೆ ಮೂರು ಗೆರೆಯ ಪ್ಲಗ್ಗಿಗೆ ಸ್ಪ್ಲಿಟರ್ ಬೇಕು, ಇಲ್ಲದಿದ್ದರೆ ಮೈಕ್ ಕೆಲಸ ಮಾಡದು. ಜಾಕ್ ಇಲ್ಲದ ಫೋನಿಗೆ ಯುಎಸ್‌ಬಿ-ಸಿ ಡಾಂಗಲ್ ಕೊಳ್ಳುವಾಗ ಒಳಗೆ ಡಿಎಸಿ ಚಿಪ್ (ಡಿಜಿಟಲ್ ಸಂಕೇತವನ್ನು ಇಯರ್‌ಫೋನಿಗೆ ಬೇಕಾದ ಸಂಕೇತವಾಗಿಸುವುದು) ಇದೆಯೇ ಎಂದು ಖಚಿತಪಡಿಸಿಕೊಳ್ಳಿ. ಚಿಪ್ ಇಲ್ಲದ ಬರೀ ತಂತಿಯ ಅಡಾಪ್ಟರ್ ಹಲವು ಫೋನ್‌ಗಳಲ್ಲಿ ದನಿಯನ್ನೇ ಕೊಡುವುದಿಲ್ಲ. ಆ್ಯಪಲ್ ಡಾಂಗಲ್ ದನಿಯಲ್ಲಿ ಶುದ್ಧ, ಆದರೆ ಅನೇಕ ಆಂಡ್ರಾಯ್ಡ್ ಫೋನ್‌ಗಳಲ್ಲಿ ವಾಲ್ಯೂಮ್ ಪೂರ್ತಿ ಏರುವುದಿಲ್ಲ. ಲ್ಯಾಪ್‌ಟಾಪ್ ಜಾಕ್‌ನಲ್ಲಿ ಸದಾ ಹಿಸ್ (ಸುಸ್ ಎಂಬ ಸದ್ದು) ಕೇಳುತ್ತಿದ್ದರೆ ಇಯರ್‌ಫೋನ್ ಬದಲಿಸಬೇಡಿ, ಇಂಥ ಡಾಂಗಲ್ ಒಂದನ್ನು ಯುಎಸ್‌ಬಿ ಪೋರ್ಟಿಗೆ ಹಾಕಿ ಅದಕ್ಕೆ ಇಯರ್‌ಫೋನ್ ಜೋಡಿಸಿ. 16ರಿಂದ 32 ಓಮ್‌ನ ಇಯರ್‌ಫೋನ್‌ಗೆ ಪ್ರತ್ಯೇಕ ಆ್ಯಂಪ್ಲಿಫೈಯರ್ ಬೇಕಿಲ್ಲ.

ದನಿ ಇನ್ನೂ ನಿಮ್ಮ ರುಚಿಗೆ ಹೊಂದದಿದ್ದರೆ ಈಕ್ವಲೈಜರ್ (ಬೇಕಾದ ಸ್ವರಗಳನ್ನು ಏರಿಸಿ ಇಳಿಸುವ ಆ್ಯಪ್) ಪುಕ್ಕಟೆ ಇದೆ: ವಿಂಡೋಸ್‌ಗೆ ಈಕ್ವಲೈಜರ್ ಎಪಿಒ, ಆಂಡ್ರಾಯ್ಡ್‌ಗೆ ವೇವ್‌ಲೆಟ್. ಗೇಮಿಗೆ 2ರಿಂದ 4 ಕಿಲೋಹರ್ಟ್ಸ್ ಮಧ್ಯೆ 3 ಡೆಸಿಬಲ್ ಏರಿಸಿ, 100 ಹರ್ಟ್ಸ್ ಕೆಳಗೆ 3 ಇಳಿಸಿದರೆ ಹೆಜ್ಜೆ ಸಪ್ಪಳ ಎದ್ದು ಕೇಳುತ್ತದೆ. ಹಾಡಿಗೆ ಬೇರೆ ಪ್ರೊಫೈಲ್ ಇಟ್ಟುಕೊಳ್ಳಿ. ಎಷ್ಟು ಏರಿಸಿದಿರೋ ಅಷ್ಟೇ ಪ್ರಿಆ್ಯಂಪ್ (ಈಕ್ವಲೈಜರ್‌ನ ಒಟ್ಟಾರೆ ಮಟ್ಟ) ಇಳಿಸಿ, ಇಲ್ಲದಿದ್ದರೆ ಜೋರು ಜಾಗಗಳಲ್ಲಿ ದನಿ ಒಡೆಯುತ್ತದೆ.

ವಾಲ್ಯೂಮ್‌ಗೆ ವಿಶ್ವ ಆರೋಗ್ಯ ಸಂಸ್ಥೆಯ ಅಳತೆ ಇದೆ: ವಾರಕ್ಕೆ 40 ತಾಸು ಕೇಳುವುದಾದರೆ 80 ಡೆಸಿಬಲ್, 90 ಡೆಸಿಬಲ್ ಆದರೆ ಬರೀ 4 ತಾಸು. ಗದ್ದಲದಲ್ಲಿ ವಾಲ್ಯೂಮ್ ಏರಿಸುವ ಬದಲು ಟಿಪ್ ಸರಿಪಡಿಸಿ.

ಪೆಟ್ಟಿಗೆ ಬಂದ ದಿನವೇ, ಮರಳಿಸುವ ಅವಧಿ ಮುಗಿಯುವ ಮೊದಲು, 20 ಹರ್ಟ್ಸ್‌ನಿಂದ ಒಂದೇ ಸಮನೆ ಮೇಲೇರುವ ಸ್ವರದ ಸ್ವೀಪ್ ಹಾಕಿ ಕೇಳಿ. 200 ಹರ್ಟ್ಸ್ ಒಳಗೆ ಒಂದು ಕಡೆ ಝರ್ ಎಂದು ನಡುಗಿದರೆ ಡ್ರೈವರ್ ಸರಿಯಿಲ್ಲ. ಆಮೇಲೆ ಮೋನೊದಲ್ಲಿ ಮಾತು ಹಾಕಿ. ದನಿ ತಲೆಯ ನಟ್ಟನಡುವೆ ನಿಲ್ಲಬೇಕು. ಒಂದು ಕಡೆಗೆ ವಾಲಿದರೆ ಎಡ-ಬಲ ಅದಲುಬದಲು ಮಾಡಿ ಹಾಕಿ ನೋಡಿ. ವಾಲಿಕೆ ಆಗಲೂ ಅದೇ ಕಿವಿಯ ಕಡೆಗಿದ್ದರೆ ದೋಷ ನಿಮ್ಮ ಕಿವಿಯದೋ, ಅಲ್ಲಿ ಟಿಪ್ ಕೂರುವ ಬಗೆಯದೋ; ಇಯರ್‌ಫೋನ್ ಜೊತೆಗೇ ಸರಿದರೆ ಮರಳಿಸಿ. ಕೆಲವು ತಿಂಗಳ ಬಳಕೆಯ ನಂತರ ಒಂದು ಕಡೆ ಸಣ್ಣಗಾದರೆ ಮೊದಲು ಟಿಪ್ ಕೂರುವ ಮೂತಿಯ ಜಾಲರಿ ನೋಡಿ, ಬಹಳ ಸಲ ಅಲ್ಲಿ ಕಿವಿಗುಗ್ಗೆ ಕಟ್ಟಿರುತ್ತದೆ. ಟಿಪ್ ತೆಗೆದು, ಮೂತಿ ಕೆಳಮುಖವಾಗಿ ಹಿಡಿದು ಒಣ ಮೆದು ಬ್ರಷ್‌ನಿಂದ ಉಜ್ಜಿ. ಸೂಜಿಯಿಂದ ಚುಚ್ಚಬೇಡಿ, ಜಾಲರಿ ಹರಿದರೆ ಕೊಳೆ ನೇರ ಡ್ರೈವರ್‌ಗೇ ಇಳಿಯುತ್ತದೆ.