ಕ್ನಿವ್‌ಶೆಲೊಡೆನ್ ಕಾಲುಹಾದಿ: ನಾರ್ತ್ ಕೇಪಿನ ಪಕ್ಕದ ತಗ್ಗು ಬಂಡೆ

ನಾರ್ವೆಯ ಮಾಗೆರೋಯಾ ದ್ವೀಪಕ್ಕೆ ಹೋಗುವವರಲ್ಲಿ ಬಹುಪಾಲು ಜನ ನಾರ್ತ್ ಕೇಪ್ ಎಂಬ ಕಡಿಬಂಡೆಯ ಮೇಲಿನ ಲೋಹದ ಗೋಳದ ಮುಂದೆ ನಿಂತು, ಯುರೋಪಿನ ಉತ್ತರದ ತುದಿ ಮುಟ್ಟಿದೆವೆಂದು ಫೋಟೊ ತೆಗೆಸಿಕೊಂಡು ಮರಳುತ್ತಾರೆ. ಅಲ್ಲಿಂದ ಪಶ್ಚಿಮಕ್ಕೆ ಕಣ್ಣು ಹಾಯಿಸಿದರೆ, ಸಮುದ್ರದೊಳಕ್ಕೆ ತಗ್ಗಾಗಿ ಚಾಚಿಕೊಂಡ ಸಾಧಾರಣ ಬಂಡೆಯ ನಾಲಗೆಯೊಂದು ಕಾಣುತ್ತದೆ. ಕ್ನಿವ್‌ಶೆಲೊಡೆನ್ ಎಂಬ ಆ ಭೂಶಿರವು ನಾರ್ತ್ ಕೇಪಿಗಿಂತ ಸುಮಾರು 1,450 ಮೀಟರ್ ಹೆಚ್ಚು ಉತ್ತರಕ್ಕಿದೆ. ಅಲ್ಲಿಗೆ ವಾಹನ ಹೋಗುವುದಿಲ್ಲ. ಹೋಗಿಬರಲು ಸುಮಾರು 18 ಕಿಲೋಮೀಟರ್ ನಡೆಯಬೇಕು. ಕಳೆದ ಜುಲೈನಲ್ಲಿ ನಡೆದು ಬಂದ ಆ ಹಾದಿಗೆ ನಾನು ಐದರಲ್ಲಿ ನಾಲ್ಕು ನಕ್ಷತ್ರ ಕೊಡುತ್ತೇನೆ.

ನಡಿಗೆ ಶುರುವಾಗುವುದು ಇ-69 ಹೆದ್ದಾರಿಯ ಪಕ್ಕದ ವಾಹನ ನಿಲುಗಡೆಯಿಂದ. ನಾರ್ತ್ ಕೇಪಿನ ಸಭಾಂಗಣಕ್ಕೆ ಟಿಕೆಟ್ ಉಂಟು, ಈ ಹಾದಿಗಿಲ್ಲ. ಬಯಲು ನೆಲದಲ್ಲಿ ಯಾರು ಬೇಕಾದರೂ ಓಡಾಡುವ ಹಕ್ಕನ್ನು ನಾರ್ವೆಯ 1957ರ ಕಾಯ್ದೆಯೇ ಕೊಟ್ಟಿದೆ. ಮೊದಲರ್ಧ ಮರವೊಂದೂ ಇಲ್ಲದ ಕಲ್ಲು ಬಯಲು, ನಡುನಡುವೆ ಕಾಲು ಹೂಳುವ ಜೌಗು. ದಾರಿ ತೋರಿಸಲು ಕಲ್ಲಿನ ಗುಪ್ಪೆಗಳಿದ್ದು, ಅವುಗಳ ಮೇಲೆ ಕೆಂಪು ಬಣ್ಣದಲ್ಲಿ ‘ಟಿ’ ಅಕ್ಷರ ಬಳಿದಿದ್ದಾರೆ. ನಾನು ಹೋದ ದಿನ ಅರ್ಧ ಗಂಟೆ ಮಂಜು ಕವಿದಿತ್ತು. ಒಂದು ಗುಪ್ಪೆಯನ್ನು ಮುಟ್ಟಿ ನಿಂತು, ಮುಂದಿನದು ಕಂಡ ಮೇಲಷ್ಟೇ ಹೆಜ್ಜೆ ಇಡುತ್ತಾ ಸಾಗಿದೆ. ಗುರುತುಗಳ ವಿಷಯದಲ್ಲಿ ದೂರಲು ಏನೂ ಇಲ್ಲ.

ನಾನು ಕಡಿಮೆ ಮಾಡಿದ ಆ ಒಂದು ನಕ್ಷತ್ರ ಕೊನೆಯ ಭಾಗದ್ದು. ಹಾದಿ ಕೊಲ್ಲಿಯ ಕಡೆಗೆ ಇಳಿದ ಮೇಲೆ, ಸಮುದ್ರದತ್ತ ವಾಲಿಕೊಂಡ ಹಾಸುಬಂಡೆಗಳ ಮೇಲೆಯೇ ನಡೆಯಬೇಕಾಗುತ್ತದೆ. ಒಣಗಿದ್ದರೆ ಅವು ಶೂಸಿನ ಅಡಿಯನ್ನು ಗಟ್ಟಿಯಾಗಿ ಹಿಡಿಯುತ್ತವೆ, ಒದ್ದೆಯಾದರೆ ಸೋಪಿನಂತೆ ಜಾರುತ್ತವೆ. ಒಂದು ಕಡೆ ನಾನು ಕುಳಿತೇ ತೆವಳಿದೆ. ಪ್ಯಾಂಟಿಗೆ ಆದ ಗತಿಯನ್ನು ಇಲ್ಲಿ ವಿವರಿಸುವುದಿಲ್ಲ. ನಾನು ಓದಿದ್ದ ಪ್ರವಾಸ ಕೈಪಿಡಿಯೊಂದು ಈ ನಡಿಗೆಯನ್ನು ‘ಸುಲಭ’ ಎಂದು ಕರೆದು, ಬಂಡೆಗಳ ಸುದ್ದಿಯನ್ನೇ ಎತ್ತಿರಲಿಲ್ಲ.

ತುದಿಯಲ್ಲಿ ಒಂದು ಚಿಕ್ಕ ಸ್ಮಾರಕ, ಪೆಟ್ಟಿಗೆಯೊಳಗೆ ಹೆಸರು ಬರೆಯುವ ಪುಸ್ತಕ, ಅಷ್ಟೇ. ಪುಟಗಳು ತೇವಕ್ಕೆ ಉಬ್ಬಿದ್ದವು. ಪೆನ್ನು ಮೂಡದೆ ಇದ್ದುದರಿಂದ ಅಂಗೈಯಲ್ಲಿ ಉಜ್ಜಿ ಬೆಚ್ಚಗಾಗಿಸಿ ಬರೆದೆ. ತಲೆ ಎತ್ತಿದರೆ ಪೂರ್ವಕ್ಕೆ ನಾರ್ತ್ ಕೇಪಿನ 307 ಮೀಟರ್ ಎತ್ತರದ ಕಡಿಬಂಡೆ ಪೂರ್ತಿಯಾಗಿ ಎದುರಿಗಿತ್ತು. ಅದರ ನೆತ್ತಿಯ ಮೇಲೆ ನಿಂತವರಿಗೆ ಈ ನೋಟ ಸಿಗುವುದಿಲ್ಲ. 1553ರಲ್ಲಿ ಏಷ್ಯಾಕ್ಕೆ ಈಶಾನ್ಯದ ಜಲಮಾರ್ಗ ಹುಡುಕುತ್ತಾ ಬಂದ ಇಂಗ್ಲಿಷ್ ನಾವಿಕರು ಹೆಸರಿಟ್ಟದ್ದು ಆ ಬಂಡೆಗೆ, ನನ್ನ ಕಾಲಡಿಯ ಬಂಡೆಗಲ್ಲ. ಹಡಗಿನ ಮೇಲಿಂದ ನೋಡುವವನಿಗೆ ಅಕ್ಷಾಂಶಕ್ಕಿಂತ ಎತ್ತರವೇ ಮೊದಲು ಕಾಣುವುದು ಸಹಜ. ಅಂದ ಹಾಗೆ, ಎರಡೂ ದ್ವೀಪದ ಮೇಲಿರುವುದರಿಂದ, ಯುರೋಪಿನ ಮುಖ್ಯಭೂಮಿಯ ಉತ್ತರದ ತುದಿಯೆಂಬ ಹೆಗ್ಗಳಿಕೆ ಪೂರ್ವದಲ್ಲಿರುವ ಕಿನ್ನರೊಡೆನ್ ಎಂಬ ಮೂರನೆಯ ಭೂಶಿರಕ್ಕೆ ಸಲ್ಲುತ್ತದೆ.

ಇಲ್ಲಿ ಬೆಟ್ಟ ಹತ್ತುವ ಕ್ರಮ ತಲೆಕೆಳಗು. ಹೋಗುವಾಗ ಇಳಿಜಾರು, ದಣಿದು ಬರುವಾಗ ಏರು. ಆದ್ದರಿಂದ ನೀರನ್ನೂ ತಿಂಡಿಯನ್ನೂ ಅರ್ಧಕ್ಕಿಂತ ಹೆಚ್ಚು ವಾಪಸಿಗೆ ಉಳಿಸಿಕೊಳ್ಳಬೇಕು. ಒಟ್ಟು ಆರೇಳು ಗಂಟೆ ಇಟ್ಟುಕೊಳ್ಳುವುದು ಮೇಲು. ಮೇ ಮಧ್ಯದಿಂದ ಜುಲೈ ಕೊನೆಯವರೆಗೆ ಸೂರ್ಯ ಮುಳುಗದ ಕಾರಣ ಸಂಜೆ ಆರಕ್ಕೆ ಹೊರಟರೂ ಕತ್ತಲಿನ ಭಯವಿಲ್ಲ, ಕಡಿಬಂಡೆಯ ಪಶ್ಚಿಮದ ಮೈ ಕೆಂಪಗೆ ಬೆಳಗುವುದೂ ಆ ಹೊತ್ತಿಗೇ. ಹೊರಡುವಾಗಲೇ ಮಂಜು ದಟ್ಟವಾಗಿದ್ದರೆ ಮಾತ್ರ, ನಡೆಯುವ ಆಸೆ ಎಷ್ಟೇ ಇದ್ದರೂ, ಮರುದಿನಕ್ಕೆ ಮುಂದೂಡಿ.